ನಾನು ಹಾಸಿಗೆ ಹಿಡಿದ ವೃತ್ತಾಂತ

ನಮ್ಮ ಕಟ್ಟಡದಲ್ಲಿ ನನ್ನ ಬಗ್ಗೆ ಒಂದು ಸುದ್ದಿ ಬಹುಕಾಲ ಚಲಾವಣೆಯಲ್ಲಿತ್ತು. ಮೇಲಿನ ಮಹಡಿಯ ಪರದೇಶಿ ಹೆಂಗಸು ಯಾವುದೋ ದೀರ್ಘ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಳೆ. ಎದ್ದು ಕೂರುವುದಕ್ಕೂ ಅವಳಿಂದ ಆಗುವುದಿಲ್ಲ. ಚೂರು ಸದ್ದಾದರೂ ತಡೆಯಲಾರಳು. ಅವಳ ಗಂಡ ಮಾತ್ರ ದೇವರಂಥ ಮನುಷ್ಯ, ಕೆಲಸದಿಂದ ಬಂದವನೇ ದಿನಾ ಅವಳ ಬೆಡ್‌ಶೀಟನ್ನು ತಾನೇ ಒಗೆದು, ಒಣಗಿಸಿ, ಮಡಿಸಿಕೊಂಡು ಹೋಗುತ್ತಾನೆ.

ಈ ಸುದ್ದಿಯಲ್ಲಿ ಬೆಡ್‌ಶೀಟಿನ ಭಾಗ ನಿಜ. ಉಳಿದದ್ದು ನಿಜವಲ್ಲ. ಈ ದೇಶಕ್ಕೆ ಬಂದ ಮೇಲೆ ನನಗೆ ಒಂದು ನೆಗಡಿಯೂ ಆಗಿಲ್ಲ. (ಗಂಡ ದೇವರಂಥವನೋ ಅಲ್ಲವೋ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡೋಣ. ದೇವರು ಇಷ್ಟು ಮಾತಾಡುವುದಿಲ್ಲ ಎಂಬುದಷ್ಟೇ ನನ್ನ ವಾದ.)

ಎಲ್ಲ ಶುರುವಾದದ್ದು ಆ ಮಾತಿನಿಂದಲೇ. ನನ್ನ ಗಂಡ ಕೃತಕ ಹಲ್ಲುಗಳನ್ನು ತಯಾರಿಸುವವನು. ದಂತವೈದ್ಯರು ಕಳಿಸುವ ಅಚ್ಚುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು, ಮೇಣದಲ್ಲಿ ಒಸಡು ತಿದ್ದಿ, ಅದರಲ್ಲಿ ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುವುದು ಅವನ ಕಸುಬು. ಇಡೀ ದಿನ ಬಾಯಿಗಳ ನಡುವೆಯೇ ಕೂತಿರುತ್ತಾನೆ. ಆದರೆ ಆ ಬಾಯಿಗಳಲ್ಲಿ ಒಂದೂ ತುಟಿ ಬಿಚ್ಚುವುದಿಲ್ಲ, ತುಟಿಗಳೇ ಇಲ್ಲದ್ದರಿಂದ. ಅಕ್ಕಪಕ್ಕದ ಮೇಜಿನವರೋ ಕಿವಿಗೆ ಏನೋ ಸಿಕ್ಕಿಸಿಕೊಂಡು ಹಾಡು ಕೇಳುವವರು. ಹೀಗೆ ದಿನವಿಡೀ ಒಳಗೆ ಜಮೆಯಾದ ಮಾತು ಸಂಜೆ ನಮ್ಮ ಮನೆಯ ಬಾಗಿಲು ತೆರೆದ ಕೂಡಲೇ ಕಟ್ಟೆಯೊಡೆಯುತ್ತದೆ. ಮನೆ ಎಂದರೆ ಒಂದು ಕೋಣೆ, ಅದರ ಬೆನ್ನಿಗೆ ಅಂಟಿದ ಒಂದು ಅಡುಗೆಮನೆ. ಒಂದರಲ್ಲಿ ಹೇಳಿದ ಮಾತು ಎರಡರಲ್ಲೂ ಕೇಳುತ್ತದೆ. ಅವನು ನನ್ನೊಂದಿಗೆ ಮಾತಾಡುತ್ತಾನೆ. ನಾನು ಉತ್ತರಿಸದಿದ್ದರೆ ಚಹಾದ ಪಾತ್ರೆಯೊಂದಿಗೆ ಮಾತಾಡುತ್ತಾನೆ. ಅದು ಕುದ್ದು ಉಕ್ಕಿದರೆ 'ಹೌದಪ್ಪ, ಕೇಳಿಸ್ತು, ಬಂದೆ' ಎನ್ನುತ್ತಾನೆ.

ನಾನಾದರೋ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವೀಧರೆ. ನನ್ನ ಭಾಷೆಯಲ್ಲಿ ರೂಪಕವೊಂದರ ಮೇಲೆ ತಡವರಿಸದೆ ಭಾಷಣ ಮಾಡಬಲ್ಲೆ. ಇಲ್ಲಿಯ ಭಾಷೆಯಲ್ಲಿ ನನಗೆ ಬರುತ್ತಿದ್ದದ್ದು ಈರುಳ್ಳಿ ಕೊಳ್ಳುವುದಕ್ಕೆ ಬೇಕಾದಷ್ಟು ಮಾತ್ರ. ಈರುಳ್ಳಿ ತೀರುವವರೆಗೆ ನಾನು ಹೊರಗೆ ಹೋಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ಯಾರದಾದರೂ ಹೆಜ್ಜೆಯ ಸದ್ದು ಕೇಳಿದರೆ, ಅದು ಇಳಿದು ಹೋಗುವವರೆಗೆ ಬಾಗಿಲ ಹಿಂದೆ ಚಪ್ಪಲಿ ಹಾಕಿಕೊಂಡು ನಿಂತಿರುತ್ತಿದ್ದೆ. ಎದುರಾದವರು ಏನಾದರೂ ಕೇಳಿ, ನಾನು ಉತ್ತರವಾಗಿ ಈರುಳ್ಳಿ ಕೇಳಿಬಿಟ್ಟರೆ ಎಂಬ ಅಂಜಿಕೆ. ಇದಕ್ಕೆ ನಾನು ಇಟ್ಟುಕೊಂಡ ಹೆಸರು 'ಲೇಖಕಿಗೆ ಅವಶ್ಯವಾದ ಏಕಾಂತ'.

ಅಂಥ ದಿನಗಳಲ್ಲಿ, ಒಂದು ಕಾಲಕ್ಕೆ ನನಗೆ ಪಾಠ ಹೇಳಿ ಈಗ ಪತ್ರಿಕೆಯೊಂದರ ಸಂಪಾದಕರಾಗಿರುವ ಮೇಷ್ಟ್ರು ಫೋನು ಮಾಡಿದರು. ಪರದೇಶದ ದಿನನಿತ್ಯದ ಬಗ್ಗೆ ಒಂದು ಬರಹ ಬೇಕೆಂದರು. 'ಅನ್ಯತೆಯ ಆವರಣದೊಳಗೆ ಅಸ್ಮಿತೆ' ಎಂಬ ಲೇಖನವನ್ನು ಕಳಿಸಿದೆ. ವಾರ ಕಳೆಯುವುದರೊಳಗೆ ಮತ್ತೆ ಫೋನು ಬಂತು.

"ಇದರಲ್ಲಿ ಪರದೇಶ ಇದೆ ಕಣಮ್ಮ. ಚಿಂತನೆ ಬೇಕಾದಷ್ಟಿದೆ. ದಿನನಿತ್ಯ ಎಲ್ಲಿ? ಒಬ್ಬ ಮನುಷ್ಯನೂ ಸಿಗಲಿಲ್ವಾ ನಿಂಗೆ ಅಲ್ಲಿ?"

"ಇನ್ನೊಂದು ಬರೀತೀನಿ ಸರ್."

"ಬರಿ. ಅದೂ ಹೀಗೇ ಬಂದ್ರೆ ಮಾತ್ರ ನಾನು ಬೇರೆಯವರನ್ನ ಕೇಳ್ಬೇಕಾಗತ್ತೆ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳದಿರುವುದು ಹೇಗೆ? ನನ್ನೂರಿನಲ್ಲಿ ನಾನು ಬರೆಯುವವಳು ಎಂದು ಜನ ಗುರುತಿಸುತ್ತಿದ್ದರು. ಇಲ್ಲಿ ಗಂಡನ ಪೆಟ್ಟಿಗೆಗಳ ಜೊತೆ ಬಂದಿಳಿದ ಇನ್ನೊಂದು ಸಾಮಾನು ನಾನು. ಈ ಎರಡನೆಯ ಬರಹವೂ ಹಿಂದಿರುಗಿದರೆ ಆ ಮಾತಿಗೆ ಮುದ್ರೆ ಬಿದ್ದಂತೆಯೇ ಎಂದುಕೊಂಡೆ. ಆ ಸಂಜೆಯೇ ಗಂಡನನ್ನು ಎದುರಿಗೆ ಕೂರಿಸಿಕೊಂಡೆ.

(ನಾವಿಬ್ಬರೂ ಏಕವಚನದ ದಂಪತಿ. ಅತ್ತೆಯ ಮುಖ ಫೋನಿನ ಪರದೆಯ ಮೇಲೆ ಮೂಡಿದಾಗ ಮಾತ್ರ ನಾನು ಬಹುವಚನಕ್ಕೆ ಏರುತ್ತೇನೆ, ಮುಖ ಮರೆಯಾದ ಕೂಡಲೇ ಇಳಿಯುತ್ತೇನೆ.)

"ಏಯ್, ನಂಗೆ ದಿನಾ ಸಂಜೆ ಒಂದು ಗಂಟೆ ಮೌನ ಬೇಕು."

"ತಗೋ. ನಾನೇನು ಬೇಡ ಅಂದೆನಾ?"

"ನೀನು ಇದ್ರೆ ಅದು ಹುಟ್ಟಲ್ಲ."

"ನಾನು ಸುಮ್ನಿರ್ತೀನಪ್ಪ. ನೋಡು, ಈಗ ಸುಮ್ನಿದೀನಿ ತಾನೇ? ನಾನು ಸುಮ್ನಿರೋದನ್ನ ಯಾರೂ ನಂಬಲ್ಲ. ಸ್ಕೂಲಲ್ಲೂ ಹಾಗೇ. ಇವನು ಸುಮ್ನಿದ್ರೆ ಏನೋ ಅನಾಹುತ ಆಗಿರತ್ತೆ ಅನ್ನೋರು ನಮ್ಮ ಮೇಷ್ಟ್ರು. ಒಂದ್ಸಲ ಏನಾಯ್ತು ಗೊತ್ತಾ..."

"ನೋಡಿದ್ಯಾ?"

"ಏನು?"

"ಏನಿಲ್ಲ. ಎಲ್ಲಿಗಾದ್ರೂ ಹೋಗು ಒಂದು ಗಂಟೆ."

"ಈ ಚಳೀಲಿ?"

ಹೊರಗೆ ನಿಜವಾಗಿಯೂ ಮೂಗು ಉದುರುವಂಥ ಚಳಿ. ಕಟ್ಟಡದಲ್ಲಿ ಬೆಚ್ಚಗಿರುವ, ಬಾಡಿಗೆ ಕೇಳದ ಜಾಗವೊಂದೇ: ಎಲ್ಲ ಮನೆಗಳವರೂ ಬಟ್ಟೆ ಒಗೆಯುವ ನೆಲಮಾಳಿಗೆಯ ಕೋಣೆ. ಅಲ್ಲಿ ಗೋಡೆಗುಂಟ ವಾಷಿಂಗ್ ಮೆಷಿನ್ನುಗಳು, ಬಟ್ಟೆ ಒಣಗಿಸುವ ಬಿಸಿಗಾಳಿಯ ಮೆಷಿನ್ನು, ಮಡಿಸುವುದಕ್ಕೊಂದು ಉದ್ದನೆಯ ಮೇಜು, ಒಂದಿಷ್ಟು ಕುರ್ಚಿಗಳು. ಆ ಕೋಣೆಯ ಬೀಗದ ಕೈ ಕೆಳಗಿನ ಮನೆಯ ಹಿರಿಯ ಹೆಂಗಸೊಬ್ಬರ ಬಳಿ ಇರುತ್ತಿತ್ತು. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದ ಆಕೆಗೆ ನನ್ನ ಗಂಡ ನರ್ಸಮ್ಮ ಎಂದು ಹೆಸರಿಟ್ಟಿದ್ದ. ನರ್ಸಮ್ಮನ ಕಾನೂನು ಕಠಿಣ: ಮೆಷಿನ್ನಿನೊಳಗೆ ಯಾರ ಬಟ್ಟೆ ತಿರುಗುತ್ತಿದೆಯೋ ಅವರಿಗೆ ಮಾತ್ರ ಅಲ್ಲಿ ಕೂರುವ ಹಕ್ಕು. ಇಲ್ಲದಿದ್ದರೆ ಊರಿನ ಚಳಿಯೆಲ್ಲ ಇಲ್ಲಿಗೇ ಬಂದು ಮೈ ಕಾಯಿಸಿಕೊಳ್ಳುತ್ತದೆ ಎಂಬುದು ಆಕೆಯ ತರ್ಕ.

ನನ್ನ ಗಂಡ ಕಾನೂನಿಗೆ ತಲೆಬಾಗುವವನು. ಮೊದಲ ಕೆಲವು ಸಂಜೆ ಮನೆಯ ಕೊಳೆಬಟ್ಟೆಗಳನ್ನು ಹೊತ್ತುಕೊಂಡು ಇಳಿದ. ಇಬ್ಬರೇ ಇರುವ ಮನೆಯಲ್ಲಿ ಕೊಳೆ ಎಷ್ಟು ಹುಟ್ಟೀತು? ಬೇಗ ಮುಗಿದುಹೋಯಿತು. ಆಮೇಲೆ ಬೀರುವಿನಲ್ಲಿದ್ದ ನೀಲಿ ಅಂಚಿನ ಬಿಳಿಯ ಬೆಡ್‌ಶೀಟನ್ನು ಬಗಲಿಗೆ ಇಟ್ಟುಕೊಂಡು ಹೋಗತೊಡಗಿದ. ಅದು ಶುಭ್ರವಾಗಿಯೇ ಇಳಿಯುತ್ತಿತ್ತು, ಇನ್ನಷ್ಟು ಶುಭ್ರವಾಗಿ ಏರಿ ಬರುತ್ತಿತ್ತು. ಆ ಒಂದು ಗಂಟೆಯಲ್ಲಿ ಅವನು ತನ್ನ ತಾಯಿಗೂ ಫೋನು ಮಾಡುತ್ತಿದ್ದ.

"ಅದೇನೋ ಹಿಂದೆ ಗಡಗಡ ಅಂತಿದೆಯಲ್ಲೋ, ರೈಲಲ್ಲಿದೀಯಾ?" ಎಂದು ಅತ್ತೆ ಕೇಳಿದ್ದರಂತೆ. ವಿವರಿಸುವುದು ಕಷ್ಟವೆಂದು ಇವನು ಹೂಂ ಎಂದಿದ್ದನಂತೆ. ಅಂದಿನಿಂದ ಅತ್ತೆಗೆ ಹಿಗ್ಗು. ಮಗನಿಗೆ ಬಡ್ತಿ ಸಿಕ್ಕಿದೆ, ಕಂಪನಿಯವರು ದಿನಾ ಊರೂರು ಸುತ್ತಿಸುತ್ತಾರೆ ಎಂದು ನೆಂಟರಿಗೆಲ್ಲ ಹೇಳಿದರು.

ಇತ್ತ ನಾನು ಸಂಪಾದಿಸಿದ ಮೌನದೆದುರು ಪೆನ್ನು ಹಿಡಿದು ಕೂತೆ. ಅದೊಂದು ಸಂಪೂರ್ಣ, ದೋಷರಹಿತ, ಶಾಸ್ತ್ರೀಯ ಮೌನ. ಅದರಲ್ಲಿ ಏನೂ ಬರಲಿಲ್ಲ.

ಬಂದದ್ದು ಬಟ್ಟಲುಗಳು. ಒಂದು ಸಂಜೆ ಅವನು ಬೆಡ್‌ಶೀಟಿನ ಜೊತೆಗೆ ಮುಚ್ಚಳವಿದ್ದ ಒಂದು ಬಟ್ಟಲು ತಂದ. ಒಳಗೆ ಬಿಸಿ ಸೂಪು.

"ಯಾರು ಕೊಟ್ಟಿದ್ದು?"

"ನರ್ಸಮ್ಮ. ನಿಂಗೆ ಅಂತೆ."

"ನಂಗೆ ಯಾಕೆ?"

"ಗೊತ್ತಿಲ್ಲ. ಬೇಡ ಅನ್ನೋಕೆ ಹೋದೆ. ಬಲವಂತವಾಗಿ ಕೈಗಿಟ್ರು."

ಮಾರನೆಯ ದಿನ ಸಕ್ಕರೆ ಹಾಕಿ ಬೇಯಿಸಿದ ಹಣ್ಣು. ಅದರ ಮಾರನೆಯ ದಿನ, ಬಸ್ಸು ಓಡಿಸುವ ಕೆಳಮಹಡಿಯ ಹೆಂಗಸು (ನಮ್ಮಲ್ಲಿ ಅವಳು ಡ್ರೈವರಕ್ಕ) ಒಂದು ಜೊತೆ ಉಣ್ಣೆಯ ಕಾಲುಚೀಲ ಕಳಿಸಿದಳು. ಆಮೇಲೆ ಮತ್ತೆ ಸೂಪು, ಮತ್ತೆ ಬೇಯಿಸಿದ ಹಣ್ಣು. ನಾನು ಸೂಪು ಕುಡಿಯುತ್ತ, ಹೊಸ ಕಾಲುಚೀಲದೊಳಗೆ ಬೆರಳಾಡಿಸುತ್ತ ಯೋಚಿಸಿದೆ. ಓದಿದವಳಲ್ಲವೇ, ಬಟ್ಟಲು ಕಂಡರೆ ಬಟ್ಟಲೆಂದು ಬಿಟ್ಟುಬಿಡುವುದು ಸಾಧ್ಯವಾಗಲಿಲ್ಲ. ಈ ಜನರಿಗೆ ನನ್ನ ಪರಿಚಯವಿಲ್ಲ. ನನ್ನಿಂದ ಏನೂ ಆಗಬೇಕಾಗಿಲ್ಲ. ಆದರೂ ಕೊಡುತ್ತಾರೆ. ಕಾರಣವೇ ಇಲ್ಲದೆ ಕೊಡುವ ಒಂದು ಸಮಾಜ ಇಲ್ಲಿದೆ ಎಂಬ ಸಿದ್ಧಾಂತ ನನ್ನೊಳಗೆ ಮೈತಳೆಯಿತು. ಪೆನ್ನು ಓಡಿತು. 'ಕಾರಣವಿಲ್ಲದ ಕೊಡುಗೆ' ಎಂಬ ಬರಹ ಹುಟ್ಟಿತು.

"ಈಗ ಬಂತು ನೋಡು" ಎಂದರು ಸಂಪಾದಕರು. "ಸೂಪಿನ ಹಬೆ ಮೂಗಿಗೆ ಹೊಡೀತು. ಬರೋ ಸಂಚಿಕೆಗೆ ಹಾಕ್ತೀನಿ."

ಅಂದು ನಾನು ಗಂಡನಿಗೆ ಆ ಗಂಟೆಯಲ್ಲೂ ಮನೆಯಲ್ಲಿರಲು ಅನುಮತಿ ಕೊಟ್ಟೆ. ಅವನು ಬೇಡವೆಂದು ಬೆಡ್‌ಶೀಟು ಎತ್ತಿಕೊಂಡು ಹೋದ. ಆಗಲೇ ನನಗೆ ಅನುಮಾನ ಬರಬೇಕಾಗಿತ್ತು.

ರಜೆಯ ದಿನ ಮಧ್ಯಾಹ್ನ ಅವನು ತರಕಾರಿ ತರಲು ಹೋಗಿದ್ದ. ನನ್ನ ಪೆನ್ನು ಉರುಳಿ ಬೀರುವಿನ ಹಿಂದೆ ಬಿದ್ದಿತು. ನಾನು ಅಂಗಿಯ ತೋಳು ಮಡಚಿ, ಬೀರುವಿಗೆ ಬೆನ್ನು ಕೊಟ್ಟು, ಕಾಲನ್ನು ಗೋಡೆಗೆ ಊರಿ, ಗಟ್ಟಿಯಾಗಿ ಹಾಡು ಹೇಳುತ್ತ ಅದನ್ನು ಕೋಣೆಯ ನಡುವಿನವರೆಗೆ ತಳ್ಳಿದೆ. ಅಷ್ಟರಲ್ಲಿ ಬಾಗಿಲಿನಲ್ಲಿ ಬೀಗದ ಕೈ ಮೆಲ್ಲಗೆ, ಬಹಳ ಮೆಲ್ಲಗೆ ತಿರುಗಿತು. ಕಳ್ಳರೂ ಇಷ್ಟು ನಾಜೂಕಾಗಿ ತೆರೆಯಲಾರರು. ಬಾಗಿಲ ಸಂದಿಯಲ್ಲಿ ಮೊದಲು ಒಂದು ಸೂಪಿನ ಬಟ್ಟಲು, ಆಮೇಲೆ ನರ್ಸಮ್ಮ, ಆಕೆಯ ಹೆಗಲ ಹಿಂದೆ ಡ್ರೈವರಕ್ಕ ಕಾಣಿಸಿಕೊಂಡರು. ಇಬ್ಬರೂ ತುದಿಗಾಲಲ್ಲಿದ್ದರು.

ನಾನು ಬೀರುವಿನ ಪಕ್ಕದಲ್ಲಿ ಕಾಲು ಅಗಲಿಸಿ ನಿಂತಿದ್ದೆ.

ನನಗೆ ನೆನಪಾದದ್ದು ಭಾಷಾಪಾಠದ ಮೊದಲ ಪುಟ. "ನಾನು ಚೆನ್ನಾಗಿದ್ದೇನೆ" ಎಂದೆ. "ನೀವು ಚೆನ್ನಾಗಿದ್ದೀರಾ?"

ಡ್ರೈವರಕ್ಕ ಅತ್ತುಬಿಟ್ಟಳು. ದಿನವಿಡೀ ರಸ್ತೆಯ ಮೇಲೆ ಲಾರಿಯವರನ್ನು ಗದರಿಸುವ ಗಟ್ಟಿಗಿತ್ತಿ ಬಾಗಿಲಿಗೆ ಒರಗಿ, ಟೋಪಿಯಲ್ಲಿ ಮೂಗು ಒರೆಸಿಕೊಂಡು ಅತ್ತಳು. ನರ್ಸಮ್ಮ ಅಳಲಿಲ್ಲ. ಬಟ್ಟಲನ್ನು ಕೆಳಗಿಟ್ಟು, ನೇರವಾಗಿ ಬಂದು ನನ್ನ ನಾಡಿ ಹಿಡಿದರು. ಬೀರು ತಳ್ಳಿದವಳ ನಾಡಿ ಸಹಜವಾಗಿಯೇ ಕುದುರೆಯಂತೆ ಓಡುತ್ತಿತ್ತು. ಆಕೆಯ ಮುಖ ಗಂಭೀರವಾಯಿತು. ಏನೋ ಹೇಳಿದರು. ನನಗೆ ಅರ್ಥವಾದದ್ದು 'ಮಲಗು' ಎಂಬುದೊಂದೇ.

ಇಲ್ಲ, ನನಗೆ ಏನೂ ಆಗಿಲ್ಲ, ನೀವು ತಪ್ಪು ತಿಳಿದಿದ್ದೀರಿ, ಇದು ಪೆನ್ನಿನ ವಿಷಯ ಎಂದು ಹೇಳಲು ಬೇಕಾದ ಭಾಷೆ ನನ್ನಲ್ಲಿರಲಿಲ್ಲ. ಈರುಳ್ಳಿಯಿಂದ ಆ ವಾಕ್ಯವನ್ನು ಕಟ್ಟಲಾಗುವುದಿಲ್ಲ. ಹಾಗಾಗಿ ಮಲಗಿದೆ. ನರ್ಸಮ್ಮ ಕತ್ತಿನವರೆಗೆ ಕಂಬಳಿ ಹೊದಿಸಿ ಅಂಚನ್ನು ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿದರು. ಕೈ ಹೊರಗೆ ತೆಗೆಯಲೂ ಬಾರದಂತಾಯಿತು. ಡ್ರೈವರಕ್ಕ ಒಬ್ಬಳೇ ಬೀರುವನ್ನು ಮೊದಲಿನ ಜಾಗಕ್ಕೆ ಸರಿಸಿ, ನನ್ನ ಪೆನ್ನನ್ನು ಮತ್ತೆ ಅದರ ಹಿಂದಕ್ಕೆ ಸೇರಿಸಿದಳು.

ಆಗ ಬಂದ ನನ್ನ ಗಂಡ, ಎರಡು ಕೈಯಲ್ಲೂ ಚೀಲ ಹಿಡಿದು, ಎಂದಿನಂತೆ ಮೆಟ್ಟಿಲಿನಿಂದಲೇ ಮಾತು ಶುರುಮಾಡಿಕೊಂಡು. "ಏಯ್, ಇವತ್ತು ಟೊಮೆಟೊ ಎಷ್ಟು ಚೆನ್ನಾಗಿ..."

ನರ್ಸಮ್ಮ ತುಟಿಯ ಮೇಲೆ ಬೆರಳಿಟ್ಟು ತಿರುಗಿ ನೋಡಿದರು. ಅವನು ಬೆರಳು ನೋಡಿದ, ಕಂಬಳಿ ನೋಡಿದ, ಡ್ರೈವರಕ್ಕನ ಕೆಂಪಾದ ಕಣ್ಣು ನೋಡಿದ. ಚೀಲಗಳು ಜಾರಿದವು. ಟೊಮೆಟೊ ಬೀರುವಿನವರೆಗೂ ಉರುಳಿದವು. ಅವನು ಹಾಸಿಗೆಯ ಪಕ್ಕಕ್ಕೆ ಬಂದು ಮಂಡಿಯೂರಿ ನನ್ನ ಹಣೆಯ ಮೇಲೆ ಕೈಯಿಟ್ಟ. ಹೊರಗಿನ ಚಳಿಗೆ ಮರಗಟ್ಟಿದ ಕೈ ಅದು. ಒಂದು ಮಾತೂ ಆಡಲಿಲ್ಲ. ನಮ್ಮ ದಾಂಪತ್ಯದಲ್ಲಿ ಮೊದಲ ಸಲ ಅವನಿಂದ ಪೂರ್ಣ ಪ್ರಮಾಣದ ಮೌನ ನನಗೆ ದೊರೆಯಿತು. ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

"ನಂಗೇನೂ ಆಗಿಲ್ಲ ಕಣೋ" ಎಂದೆ ನಮ್ಮ ಭಾಷೆಯಲ್ಲಿ. "ಪೆನ್ನು ಬಿತ್ತು. ಮಾತಾಡು."

ಅತಿಥಿಗಳಿಬ್ಬರೂ, ರೋಗಿಗೆ ವಿಶ್ರಾಂತಿ ಬೇಕೆಂದು ತುದಿಗಾಲಲ್ಲೇ ನಿರ್ಗಮಿಸಿದರು. ಕಂಬಳಿಯಿಂದ ಬಿಡಿಸಿಕೊಂಡು ನಾನು ವಿಚಾರಣೆ ಆರಂಭಿಸಿದೆ.

"ಏನು ಹೇಳಿದೀಯಾ ನೀನು ಅವರಿಗೆ?"

"ನಾನೇನೂ ಸುಳ್ಳು ಹೇಳಿಲ್ಲ."

"ಏನು ಹೇಳಿದೆ?"

"ದಿನಾ ಒಂದೇ ಬೆಡ್‌ಶೀಟು ತರ್ತೀಯಲ್ಲ, ಮನೇಲಿ ಯಾರಿದಾರೆ ಅಂತ ಕೇಳಿದ್ರು. ಹೆಂಡತಿ ಅಂದೆ. ಹೊರಗೆ ಬರಲ್ವಾ ಅಂದ್ರು. ಇಲ್ಲ, ಇಡೀ ದಿನ ಮನೇಲೇ ಅಂದೆ. ನೀನು ಯಾಕೆ ಇಲ್ಲಿ ಕೂತ್ಕೋತೀಯ ಅಂದ್ರು. ಸದ್ದಾದ್ರೆ ಅವಳಿಗೆ ಆಗಲ್ಲ ಅಂದೆ. ಇದರಲ್ಲಿ ಯಾವುದು ಸುಳ್ಳು ಹೇಳು?"

ಯಾವುದೂ ಸುಳ್ಳಲ್ಲ. ನಿಜದ ಮೇಲೆ ನಿಜ ಇಟ್ಟು ಅವನು ಒಂದು ಕಾಯಿಲೆಯನ್ನು ಕಟ್ಟಿದ್ದ, ಮೇಣದಲ್ಲಿ ಹಲ್ಲು ಕೂರಿಸಿದಷ್ಟೇ ಅಚ್ಚುಕಟ್ಟಾಗಿ.

"ಆ ಬೇಯಿಸಿದ ಹಣ್ಣು?"

ಅವನು ನೆಲ ನೋಡಿದ. "ಈಗ ಹೇಗಿದಾಳೆ ಅಂದ್ರು. ನಿನ್ನ ಬರವಣಿಗೆ ಬಗ್ಗೆ ಕೇಳ್ತಿದಾರೆ ಅಂದ್ಕೊಂಡೆ. ಪಾಪ, ದಿನಾ ಕೂತ್ಕೋತಾಳೆ, ಆದ್ರೆ ಏನೂ ಬರ್ತಾ ಇಲ್ಲ ಅಂದೆ."

ಬೇಯಿಸಿದ ಹಣ್ಣು ಈ ದೇಶದಲ್ಲಿ ಹೊಟ್ಟೆ ಕಟ್ಟಿದವರಿಗೆ ಕೊಡುವ ಮದ್ದು. ಇದರ ಬಗ್ಗೆ ನಾನು ಹೆಚ್ಚು ಬರೆಯಲಾರೆ.

"ನಂಗೆ ಕಾಯಿಲೆ ಅಂದ್ಕೊಂಡಿದಾರೆ ಅಂತ ನಿಂಗೆ ಯಾವಾಗ ಗೊತ್ತಾಯ್ತು?"

"ಕಾಲುಚೀಲ ಬಂದಾಗ."

"ನಮ್ಮನೆ ಬೀಗದ ಕೈ?"

"ನಾನು ಕೆಲ್ಸಕ್ಕೆ ಹೋದಾಗ ನಿಂಗೇನಾದ್ರೂ ಆದ್ರೆ ಅಂತ ನರ್ಸಮ್ಮ ಕೇಳಿ ಇಸ್ಕೊಂಡ್ರು."

"ಹಾಗಲ್ಲ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ? ಊರಿಗೆಲ್ಲ ಆಗೋವಷ್ಟು ಮಾತಾಡ್ತೀಯ!"

ಅವನು ಬೀರುವಿನ ಕೆಳಗಿನಿಂದ ಟೊಮೆಟೊ ಹೆಕ್ಕುತ್ತಿದ್ದ. ತಲೆ ಎತ್ತದೆಯೇ ಹೇಳಿದ:

"ಈ ಊರಿಗೆ ಬಂದ ಮೇಲೆ ನಿನ್ನನ್ನ ಹೇಗಿದೀಯಾ ಅಂತ ಕೇಳಿದೋರು ಯಾರೇ? ಯಾರೂ ಇಲ್ಲ. ಅಲ್ಲಿ ಕೆಳಗೆ ದಿನಾ ನಾನು ಬಾಗಿಲು ತೆಗೆದ ತಕ್ಷಣ ಎಲ್ರೂ ಕೇಳ್ತಿದ್ರು, ಹೇಗಿದಾಳೆ, ಊಟ ಮಾಡಿದ್ಲಾ, ನಕ್ಕಳಾ ಅಂತ. ಮೆಷಿನ್ ನಿಲ್ಲಿಸಿ ಕೇಳ್ತಿದ್ರು. ನಂಗೆ ಅದು ಇಷ್ಟ ಆಯ್ತು. ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ."

ನನ್ನ ಬಳಿ ಇನ್ನೂ ಬಹಳ ಪ್ರಶ್ನೆಗಳಿದ್ದವು. ಟೊಮೆಟೊ ಹೆಕ್ಕಲು ನಾನೂ ಬಗ್ಗಿದೆ. (ಪೆನ್ನು ಸಿಕ್ಕಿತು.)

ಆದರೂ ನನ್ನ ಮುಂದೆ ಕರ್ತವ್ಯವೊಂದು ಉಳಿದಿತ್ತು. ಕಾರಣವಿಲ್ಲದ ಕೊಡುಗೆ ಎಂದು ನಾನು ಕೊಂಡಾಡಿದ್ದಕ್ಕೆ ಎಷ್ಟು ಸ್ಪಷ್ಟವಾದ ಕಾರಣವಿತ್ತೆಂದರೆ, ಅದಕ್ಕೆ ನಾಡಿಯನ್ನೂ ಹಿಡಿದು ನೋಡಲಾಗಿತ್ತು. ಸಂಪಾದಕರಿಗೆ ಫೋನು ಮಾಡಿದೆ.

"ಸರ್, ಅದನ್ನ ಹಾಕ್ಬೇಡಿ."

"ಯಾಕಮ್ಮ? ಚೆನ್ನಾಗಿತ್ತಲ್ಲ."

"ಅದು ನಿಜ ಅಲ್ಲ ಸರ್."

ಏನಾಯಿತೆಂದು ಹೇಳಿದೆ. ಬೇಯಿಸಿದ ಹಣ್ಣಿನ ಹೊತ್ತಿಗೆ ಅತ್ತ ಕಡೆಯಿಂದ ಉಸಿರಾಟ ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಅವರು ನಗುತ್ತಿದ್ದಾರೆಂದು ತಿಳಿಯಲು ನನಗೆ ಸಮಯ ಹಿಡಿಯಿತು. ತರಗತಿಯಲ್ಲಿ ಅವರು ನಕ್ಕದ್ದನ್ನು ನಾವ್ಯಾರೂ ಕಂಡಿರಲಿಲ್ಲ.

"ಇದನ್ನ ಬರಿ" ಎಂದರು ಕೊನೆಗೆ. "ಆದ್ರೆ ಮೊದ್ಲು ಕೆಳಗೆ ಹೋಗಿ ಅವರಿಗೆ ಹೇಳಮ್ಮ. ಆ ಸೂಪಿನ ಹೆಂಗಸು ಕಾಯ್ತಿರತ್ತೆ."

ಮಾರನೆಯ ಸಂಜೆ ಗಂಡನ ಬಗಲಿನಿಂದ ಬೆಡ್‌ಶೀಟನ್ನು ನಾನೇ ತೆಗೆದುಕೊಂಡು ಇಳಿದೆ. ದಾರಿಯುದ್ದಕ್ಕೂ ಅವನು ಕಲಿಸಿಕೊಟ್ಟ ಎರಡು ವಾಕ್ಯಗಳನ್ನು ಜಪಿಸುತ್ತಿದ್ದೆ. ಬಾಗಿಲು ತೆರೆದಾಗ ಬಿಸಿಗಾಳಿ, ಸಾಬೂನಿನ ವಾಸನೆ, ಹಲವು ಮುಖಗಳು ಒಟ್ಟಿಗೇ ನನ್ನತ್ತ ತಿರುಗಿದವು. ಯಾರೋ ಮೆಷಿನ್ನು ನಿಲ್ಲಿಸಿದರು. ನಾನು ಬಾಗಿಲಲ್ಲೇ ನಿಂತು ಹೇಳಿದೆ:

"ನನಗೆ ಕಾಯಿಲೆ ಇರಲಿಲ್ಲ. ನಾನು ಬರೆಯುತ್ತಿದ್ದೆ."

ನರ್ಸಮ್ಮ ಕತ್ತು ವಾಲಿಸಿ ಕೇಳಿಸಿಕೊಂಡರು. ಆಮೇಲೆ ನನಗೂ ಅರ್ಥವಾಗುವಂತೆ, ಮಗುವಿಗೆ ಹೇಳುವ ಹಾಗೆ ಒಂದೊಂದೇ ಪದ ಬಿಡಿಸಿ ಕೇಳಿದರು. "ಇಡೀ ದಿನ ಒಳಗೆ?"

"ಹೌದು."

"ಯಾರನ್ನೂ ನೋಡದೆ?"

"ಹೌದು."

"ಮಾತೂ ಇಲ್ಲ?"

"ಇಲ್ಲ."

ಅವರು ಕೋಣೆಯ ಉಳಿದವರತ್ತ ತಿರುಗಿ ಅರ್ಥಪೂರ್ಣವಾಗಿ ತಲೆಯಾಡಿಸಿದರು. ಎಲ್ಲರೂ ಮರುಕದಿಂದ ತಲೆಯಾಡಿಸಿದರು. ಬಿಸಿಗಾಳಿಯ ಮೆಷಿನ್ನಿನ ಪಕ್ಕದ, ಅತ್ಯಂತ ಬೆಚ್ಚನೆಯ ಕುರ್ಚಿಯನ್ನು ಖಾಲಿಮಾಡಿ ನನ್ನನ್ನು ಕೂರಿಸಲಾಯಿತು. ಡ್ರೈವರಕ್ಕ ನನ್ನ ಕಾಲಿನ ಕಡೆ ನೋಡಿದಳು. ಅವಳ ಕಾಲುಚೀಲ ನನ್ನ ಕಾಲಲ್ಲಿತ್ತು. "ಹಿಡಿಸ್ತಾ?" ಎಂದಳು. ನನಗೆ ಅರ್ಥವಾಯಿತು. "ಬೆಚ್ಚಗಿದೆ" ಎಂದೆ. ಆ ಪದ ನನಗೆ ಗೊತ್ತಿದೆಯೆಂದು ನನಗೇ ಗೊತ್ತಿರಲಿಲ್ಲ.

ಮೆಷಿನ್ನು ನಿಲ್ಲುವವರೆಗೆ ಕೂತು ಬರೋಣವೆಂದುಕೊಂಡಿದ್ದೆ. ಅದು ನಿಂತ ಮೇಲೂ ಕೂತಿದ್ದೆ, ನರ್ಸಮ್ಮ ಕಾನೂನನ್ನು ನೋಡಿಯೂ ನೋಡದಂತಿದ್ದರು. ಮರುದಿನವೂ ಹೋದೆ. ಈಗ ದಿನಾ ಹೋಗುತ್ತೇನೆ. ಉದ್ದನೆಯ ಮೇಜಿನ ಒಂದು ತುದಿಯಲ್ಲಿ ಅವರು ಬಟ್ಟೆ ಮಡಿಸುತ್ತಾರೆ, ಇನ್ನೊಂದು ತುದಿಯಲ್ಲಿ ನಾನು ಬರೆಯುತ್ತೇನೆ. ಅಲ್ಲಿ ಭಯಂಕರ ಗದ್ದಲ. ಮೆಷಿನ್ನುಗಳು ಗಡಗಡ ಅನ್ನುತ್ತವೆ, ಡ್ರೈವರಕ್ಕ ತನ್ನ ದಾರಿಯ ಜಗಳಗಳನ್ನು ಅಭಿನಯಿಸಿ ತೋರಿಸುತ್ತಾಳೆ, ನನ್ನ ವ್ಯಾಕರಣವನ್ನು ಎಲ್ಲರೂ ಒಟ್ಟಿಗೇ ತಿದ್ದುತ್ತಾರೆ. ನೀವು ಓದುತ್ತಿರುವುದನ್ನು ನಾನು ಅಲ್ಲಿಯೇ ಬರೆದದ್ದು.

ಕಟ್ಟಡದವರ ತೀರ್ಮಾನದಂತೆ ನಾನು ಚೇತರಿಸಿಕೊಂಡಿದ್ದೇನೆ, ಮತ್ತು ಅದು ನನ್ನ ಗಂಡನ ಸೇವೆಯ ಫಲ. ಮನೆಯಲ್ಲೇ ಮನಸಾರೆ ಮಾತಾಡಬಹುದಾದ್ದರಿಂದ ಅವನು ಕೆಳಗೆ ಬರುವುದನ್ನು ನಿಲ್ಲಿಸಿದ್ದಾನೆ. ಅಷ್ಟು ಕಾಲ ದುಡಿದ ಬಡಪಾಯಿ ಈಗ ಸ್ವತಃ ಸುಸ್ತಾಗಿ ಹಾಸಿಗೆ ಹಿಡಿದಿದ್ದಾನೆ ಎಂಬ ಸುದ್ದಿ ಹಬ್ಬಿದೆ. ಹೇಗಿದ್ದಾನೆ ಎಂದು ಅವರು ಮೆಷಿನ್ನು ನಿಲ್ಲಿಸಿ ಕೇಳುತ್ತಾರೆ. ಇಲ್ಲವೆನ್ನಲು ಬೇಕಾದ ಭಾಷೆ ಈಗ ನನ್ನಲ್ಲಿದೆ. ನಾನು "ಪರವಾಗಿಲ್ಲ, ನಿಧಾನವಾಗಿ" ಎನ್ನುತ್ತೇನೆ.

ಸದ್ಯದ ಪರಿಸ್ಥಿತಿ ಇಷ್ಟು. ನಾನು ಕೆಳಗಿದ್ದೇನೆ. ಬೆಡ್‌ಶೀಟು ಮೆಷಿನ್ನಿನಲ್ಲಿದೆ, ಒಗೆದೂ ಒಗೆದೂ ಅದರ ನೀಲಿ ಅಂಚು ಮಾಸಿದೆ. ಅವನು ಮೇಲೆ, ಚಹಾದ ಪಾತ್ರೆಯೊಂದಿಗೆ ಮಾತಾಡುತ್ತ, ನರ್ಸಮ್ಮ ಕಳಿಸಿದ ಸೂಪು ಕುಡಿಯುತ್ತಿದ್ದಾನೆ. ಅವನಿಗೆ ಏನೂ ಆಗಿಲ್ಲ.